ಹಾರ್ನ್ ಹೊಡೆದು ದಾಟುವುದು

ಲಾರಿ ಓಡಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಓಡುವ ಲಾರಿ ತನ್ನಷ್ಟಕ್ಕೆ ತಾನು ಓಡುತ್ತದೆ; ಡ್ರೈವರನಾದವನು ಮೇಲೆ ಕುಳಿತು ಗಂಭೀರವಾಗಿ ಮುಂದೆ ನೋಡುತ್ತಿದ್ದರೆ ಸಾಕು. ಕಷ್ಟವಿರುವುದು ನಿಲ್ಲಿಸುವುದರಲ್ಲಿ. ಅದಕ್ಕಿಂತ ಕಷ್ಟ, ಭಾರ ಹೊತ್ತು ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಹೊರಡಿಸುವುದು. ಲೈಸೆನ್ಸ್ ಕೊಟ್ಟವರು ನನ್ನನ್ನು ಸಪಾಟಾದ ಮೈದಾನದಲ್ಲಿ ಓಡಿಸಲು ಹಚ್ಚಿದ್ದರು. ಏರಿನ ಪರೀಕ್ಷೆಯನ್ನು ಪುಣೆ ಬಳಿಯ ನಿಗಡಿಯ ಹೆಂಗಸರು ಮಾಡಿದರು.

ನಾನು ಆಗ ಪುಣೆಯ ಒಬ್ಬ ಸೇಠ್‌ನ ಗಾಡಿಯ ಮೇಲೆ ಹೊಸದಾಗಿ ಸೇರಿದ್ದೆ. ಮುಂಬಯಿ, ಸೂರತ್, ಅಹಮದಾಬಾದ್ ನನ್ನ ಲೈನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ರಸ್ತೆಯೇ ಉಳಿದ ಇಯತ್ತೆಗಳನ್ನು ಕಲಿಸಿತು. ಪೆಟ್ರೋಲ್ ಪಂಪಿನ ನಲ್ಲಿಯಲ್ಲಿ ಸ್ನಾನ, ಲೋಡಿನ ಹಗ್ಗಕ್ಕೆ ಲುಂಗಿ ಒಣಹಾಕುವುದು, ಸೀಟಿನ ಹಿಂದಿನ ಹಲಗೆಯ ಮೇಲೆ ಮೊಳಕಾಲು ಮಡಚಿ ಮಲಗುವುದು. ಜಕಾತಿ ನಾಕಾದಲ್ಲಿ ಮರಾಠಿ, ಧಾಬಾದಲ್ಲಿ ಹಿಂದಿ, ವಾಪಿ ದಾಟಿದ ಮೇಲೆ ಮುರುಕು ಗುಜರಾತಿ. ಕನ್ನಡ ಮಾತ್ರ ಗಾಡಿಯ ಜೊತೆ. ಬೈಯುವುದಕ್ಕೆ ತಾಯಿಯ ಭಾಷೆಯಷ್ಟು ಒದಗುವುದು ಬೇರೊಂದಿಲ್ಲ.

ಹಾರ್ನಿಗೂ ಒಂದು ಭಾಷೆಯಿದೆ. ಊರಿನ ಜನಕ್ಕೆ ಅದೆಲ್ಲ ಒಂದೇ ಗದ್ದಲ. ನಮಗೆ ಹಾಗಲ್ಲ. ದಾರಿ ಬಿಡು ಎನ್ನುವುದು ಒಂದು, ಎದುರಿಗೆ ಬರುವ ಗೆಳೆಯನಿಗೆ ರಾಮರಾಮ ಹೇಳುವುದು ಇನ್ನೊಂದು. ನಾನು ಹೊಡೆಯುತ್ತಿದ್ದುದು ಉದ್ದಕ್ಕೆ ಎಳೆದು ಕೊನೆಗೆ ಕುಟುಕಿದಂತೆ ಒಂದು. ಅದರ ಅರ್ಥ ‘ಅಕ್ಕಾ, ಬಂದೆ’ ಎಂದು.

ಅಕ್ಕ ನಾಗಮ್ಮ ನಿಗಡಿಯಲ್ಲಿ, ಮುಂಬಯಿ ಹೆದ್ದಾರಿ ಏರು ಹತ್ತುವ ಕಡೆ, ಪಕ್ಕದ ತಗಡಿನ ಪತ್ರಾ ಮನೆಯಲ್ಲಿದ್ದಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಗವಂಡಿಗಳದೇ ಓಣಿ ಅದು; ಭಾವನೂ ಗವಂಡಿ. ಅವ್ವ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಅವಳು ಕೇಳಿದ್ದು ಇಷ್ಟೇ: ಹೋಗುವಾಗ ಬರುವಾಗ ಒಂದು ಗಳಿಗೆ ನಿಂತು ಮುಖ ತೋರಿಸು, ರೊಟ್ಟಿ ಕಟ್ಟಿಕೊಡುತ್ತೇನೆ.

ಮೊದಲ ಸಲ ಜಂಬದಿಂದಲೇ ನಿಲ್ಲಿಸಿದೆ. ಓಣಿಯೆಲ್ಲ ಸೇರಿತು. ಹೊರಡುವಾಗ ಕ್ಲಚ್ ಬಿಟ್ಟೆ, ಇಂಜಿನ್ ಸತ್ತಿತು, ಗಾಡಿ ನಿಧಾನವಾಗಿ ಹಿಂದಕ್ಕೆ ಸರಿಯತೊಡಗಿತು. ದಿನವೂ ಕಲ್ಲು ಹೊರುವ ಹೆಂಗಸರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಿಂದಿನ ಗಾಲಿಗೆ ಕಲ್ಲು ಕೊಟ್ಟರು. ಮತ್ತೆ ಹೊರಡಿಸಿದೆ, ಮತ್ತೆ ಸತ್ತಿತು.

“ನಾಗಮ್ಮಾ, ನಿನ್ನ ತಮ್ಮನ ಗಾಡಿ ಮುಂದ ಹೋಗತದೋ ಹಿಂದ ಹೋಗತದೋ? ಒಂದು ಕಡಿ ಹೇಳಂತ ಹೇಳು, ಕಲ್ಲು ಅಲ್ಲೇ ಇಡತೀವಿ” ಎಂದಳು ಒಬ್ಬಳು.

ಅಕ್ಕನೂ ನಕ್ಕಳು. ಅದರಲ್ಲಿ ಕುಹಕವಿರಲಿಲ್ಲ. ಆದರೆ ಆಮೇಲೆ ನಾನು ಅಲ್ಲಿ ನಿಲ್ಲಲಿಲ್ಲ. ದೂರದಿಂದಲೇ ಹಾರ್ನ್ ಹೊಡೆದು, ಕೈ ಬೀಸಿ ದಾಟಿಬಿಡುತ್ತಿದ್ದೆ. ಕನ್ನಡಿಯಲ್ಲಿ ಅಕ್ಕ ಬಟ್ಟೆಯ ಗಂಟು ಹಿಡಿದು ನಿಂತದ್ದು ಕಾಣುತ್ತಿತ್ತು. ಕನ್ನಡಿಯಲ್ಲಿ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ. ಡ್ರೈವರಿಗೆ ಅದೊಂದು ಅನುಕೂಲ. ಏರಿನಲ್ಲಿ ಗಾಡಿ ಎಬ್ಬಿಸುವುದನ್ನು ನಾನು ಕೆಲವೇ ದಿನಗಳಲ್ಲಿ ಕಲಿತೆ. ಆದರೂ ನಿಲ್ಲಲಿಲ್ಲ. ಇಷ್ಟು ದಿನ ಏಕೆ ನಿಲ್ಲಲಿಲ್ಲ ಎಂದು ಅವಳು ಕೇಳಿಬಿಟ್ಟರೆ ಎಂಬ ಅಂಜಿಕೆ ಸೇರಿಕೊಂಡಿತ್ತು.

ಕೊನೆಗೆ ನಿಗಡಿ ತಾಕದೆ ಚಾಕಣದ ಮೇಲೆ ಹಾಯುವ ನಾಸಿಕ್ ಲೈನನ್ನು ಸೇಠ್‌ನಿಂದ ಕೇಳಿ ಪಡೆದೆ. ಮುಂಬಯಿ ಲೈನು ಸಾಸವಡದ ತುಕಾರಾಮನಿಗೆ ಹೋಯಿತು. ಅವನಿಗೆ ನನ್ನ ಹಾರ್ನ್ ಕಲಿಸಿ, ನಿಗಡಿಯಲ್ಲಿ ಹೀಗೆ ಹೊಡೆ, ನಿಲ್ಲುವುದೇನೂ ಬೇಡ ಎಂದೆ. ನಾನೇ ದಾಟಿದೆನೆಂದು ಅಕ್ಕ ತಿಳಿಯಲಿ ಎಂಬುದು ನನ್ನ ಲೆಕ್ಕ. ಲಾರಿ ಬದಲಿಸಬಹುದು, ಲೈನು ಬದಲಿಸಬಹುದು, ತಮ್ಮನನ್ನು ಏಕೆ ಬದಲಿಸಬಾರದು?

ಕೆಲವು ದಿನಗಳ ಮೇಲೆ ಗೋದಾಮಿನಲ್ಲಿ ತುಕಾರಾಮ ಗಂಟು ಬಿಚ್ಚಿ ನನಗೂ ಅರ್ಧ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟ. ಅಂಚು ಸ್ವಲ್ಪ ಸುಟ್ಟ ಆ ರೊಟ್ಟಿ ಯಾರದೆಂದು ಮೊದಲ ತುತ್ತಿಗೇ ಗೊತ್ತಾಯಿತು. ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಉತ್ತರವನ್ನೂ ಕೇಳಬೇಕಾಗುತ್ತಿತ್ತು. ಇನ್ನರ್ಧವನ್ನೂ ಇಸಕೊಂಡು ತಿಂದೆ. ಹೀಗೆ ಆ ಬೇಸಿಗೆಯೆಲ್ಲ ತಿಂದೆ.

ಆಮೇಲೆ ಗಾಡಿ ಗ್ಯಾರೇಜಿಗೆ ಹೋದಾಗ, ಮಾಡಲು ಬೇರೆ ಕೆಲಸವಿಲ್ಲದ ಒಂದು ಮಧ್ಯಾಹ್ನ, ಬಸ್ಸು ಹತ್ತಿ ನಿಗಡಿಗೆ ಹೋದೆ. ಅಕ್ಕ ರೊಟ್ಟಿಯ ಗಂಟು ಕಟ್ಟುತ್ತಿದ್ದಳು.

“ಬಾ ತಮ್ಮಾ. ಗಾಡಿ ಎಲ್ಲದ?”

“ರಿಪೇರಿಗಿ ಹೋಗ್ಯದ. ತುಕಾರಾಮ ಇಲ್ಲಿ ನಿಲ್ಲಸ್ತಾನೇನು?”

“ಹಾರ್ನ್ ಕೇಳಿ ಓಡಿ ಹೋದೆ, ನೋಡಿದ್ರ ಬ್ಯಾರೇದಂವ ಇಳದ. ‘ತುಮಚಾ ತಮ್ಮ ಬರಾ ಆಹೆ’ ಅಂದ, ಚಲೋ ಅದಾನ ಅಂತ. ಹಾರ್ನ್ ಹೊಡದು ಕರದ ಮ್ಯಾಲ ನಿಲ್ಲದ ಹೋಗಬಾರದಂತ, ಅವರ ಉಸ್ತಾದ ಹೇಳ್ಯಾನಂತ.”

“ನಂಗ್ಯಾಕ ಹೇಳಲಿಲ್ಲಕ್ಕ?”

“ನೀ ಎಲ್ಲಿ ನಿಂತಿದ್ದಿ, ಹೇಳಲಾಕ?”

ಬೈದಂತೆ ಇರಲಿಲ್ಲ ಆ ಮಾತು. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೇಳಿದಳು. ನನಗೆ ಉಣ್ಣಲು ಬಡಿಸಿದಳು. ಉಂಡಾದ ಮೇಲೆ, ತುಕಾರಾಮ ಬರುವ ಹೊತ್ತಾಯಿತು ನಡಿ ಎಂದು ರಸ್ತೆಗೆ ಕರೆದೊಯ್ದಳು.

ಅಷ್ಟು ದಿನ ಆ ರಸ್ತೆಯನ್ನು ನಾನು ಮೇಲಿನಿಂದ ನೋಡಿದ್ದೆ. ಕೆಳಗೆ ನಿಂತು ನೋಡಿದರೆ ಅದು ಬೇರೆಯೇ ರಸ್ತೆ. ದೂರದಿಂದ ಬರುವ ಪ್ರತಿ ಲಾರಿಯೂ ಅವನದೇ ಅನ್ನಿಸುತ್ತದೆ; ಹತ್ತಿರ ಬಂದು ಮುಖದ ಮೇಲೆ ಧೂಳು ಎರಚಿ ಬೇರೆ ಯಾರದೋ ಆಗುತ್ತದೆ. ಬಿಸಿಲು ಇಳಿಯಿತು. ಅಕ್ಕ ಕಂಬದ ಹಾಗೆ ನಿಂತಿದ್ದಳು. ನಾನು ಕಾಲು ಬದಲಿಸಿದೆ, ಮತ್ತೆ ಬದಲಿಸಿದೆ, ಕಡೆಗೆ ತಡೆಯಲಾಗಲಿಲ್ಲ.

“ಎಂಥಾ ಮನಷ್ಯ ಅಂವ! ಮಂದಿ ಕಾಯ್ತಿರತಾರ ಅಂತ ಒಂದೀಟರೆ ಖಬರ ಬ್ಯಾಡೇನು?”

ಅಕ್ಕ ನನ್ನನ್ನು ನೋಡಿದಳು. ಸೆರಗಿನಿಂದ ರಸ್ತೆಯ ಬದಿಯ ಮಣ್ಣು ಝಾಡಿಸಿ ಜಾಗ ಮಾಡಿದಳು.

“ಕುಂಡ್ರು ತಮ್ಮಾ. ಹೊಸದಾಗಿ ನಿಂತವರಿಗಿ ಕಾಲು ಭಾಳ ನೋಯ್ತಾವ.”