ಒಪ್ಪಿಗೆ ಆಯ್ತು, ಯಾರಿಗೆ?

ನೆದರ್ಲೆಂಡ್ಸಿನ ಟಿಲ್‌ಬರ್ಗ್‌ಗೆ ಬಂದ ಮೂರನೇ ವಾರ, ನನಗೇ ಗೊತ್ತಿಲ್ಲದಂತೆ ನನಗೊಬ್ಬ ಪ್ರಿಯಕರ ಹುಟ್ಟಿಕೊಂಡ. ಹೆಸರು ರೂಬೆನ್. ನಾನಿರುವ ಮನೆಯಲ್ಲೇ ಮೇಲಿನ ಕೋಣೆಯವನು. ನನ್ನ ಹಳೇ ಸೈಕಲ್ಲಿನ ಚೈನು ಕಳಚಿದಾಗ ಹಾಕಿಕೊಟ್ಟಿದ್ದ. ವಿಶ್ವವಿದ್ಯಾಲಯದ ವಿಭಾಗದಲ್ಲಿ ಕಾಫಿಯ ಹೊತ್ತಿಗೆ, ಆಗಷ್ಟೇ ಕಲಿತಿದ್ದ ಡಚ್ಚಿನಲ್ಲಿ, ರಿಪೇರಿ ಮಾಡಿದ್ದು "ಮೈನ್ ಫ್ರಿಂಟ್" ಎಂದೆ. ನನ್ನ ಗೆಳೆಯ ಎಂದಷ್ಟೇ ನನ್ನ ಲೆಕ್ಕ. ಎಲ್ಲರೂ ಖುಷಿಪಟ್ಟರು. ಒಟ್ಟಿಗೇ ಇದ್ದೀರಾ ಎಂದು ಕೇಳಿದರು. ಒಂದೇ ಮನೆಯಲ್ಲವೇ, ಹೌದು ಎಂದೆ.

ಸಂಜೆ ರೂಬೆನ್ನೇ ನಕ್ಕು ನಕ್ಕು ತಿದ್ದಿದ. "ಬರೀ ಗೆಳೆಯನಾದರೆ 'ಅನ್ ಫ್ರಿಂಟ್ ಫಾನ್ ಮೈ' ಅನ್ನು, ಗೆಳೆಯರಲ್ಲೊಬ್ಬ ಅಂತ. 'ಮೈನ್' ಹಾಕಿದರೆ ನಾನೊಬ್ಬನೇ ಆಗಿಬಿಡ್ತೀನಿ. ನನಗೆ ಬೇರೆ ಮೈನ್ ಫ್ರಿಂಟ್ ಇದ್ದಾನೆ ಮಾರಾಯ್ತಿ, ಅವನಿಗೆ ಬೇಜಾರಾಗುತ್ತೆ!" 'ಮಾರಾಯ್ತಿ' ನಾನು ಸೇರಿಸಿದ್ದು. ಅವನ ಧ್ವನಿಯಲ್ಲಿ ಅದಿತ್ತು. ಅವತ್ತಿನ ದಿನಚರಿಯಲ್ಲಿ ಬರೆದುಕೊಂಡೆ: ಇಂದು ಕಲಿತ ಪದ ಒಂದು, ಹೋದ ಮಾನ ಒಂದು. ನಾನು ಇಲ್ಲಿಗೆ ಬಂದಿರುವುದೇ ಗಂಡು ಹೆಣ್ಣು ಹೇಗೆ ಜೊತೆಯಾಗುತ್ತಾರೆ ಎಂಬುದರ ಸಮಾಜಶಾಸ್ತ್ರ ಓದಲು.

ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಇದೇ ವಿಷಯ ಬೇರೆ ರೀತಿಯಲ್ಲಿ ನಡೆದಿತ್ತು. ಅವ್ವ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ನಾನು ಸ್ಪೀಕರಿಗೆ ಹಾಕಿ ವಾರಕ್ಕಾಗುವ ಚಟ್ನಿಪುಡಿ ಅವಲಕ್ಕಿ ಕಲಸುತ್ತ ಕೇಳುತ್ತೇನೆ. ಇಲ್ಲಿಯವರು ಮಧ್ಯಾಹ್ನ ತಣ್ಣನೆ ಬ್ರೆಡ್ಡಿನ ಮೇಲೆ ಚೀಸ್ ಇಟ್ಟು ಊಟ ಮುಗಿಸುತ್ತಾರೆ. ಆರು ತಿಂಗಳಾದರೂ ನನಗದು ತಿಂಡಿ ಅನಿಸುತ್ತದೆಯೇ ಹೊರತು ಊಟ ಅನಿಸಿಲ್ಲ. ದಾವಣಗೆರೆಯ ಹುಡುಗನೊಬ್ಬನ ಸುದ್ದಿಯನ್ನು ಅವ್ವ ತೆಗೆದದ್ದು ಇಂಥದೇ ಒಂದು ಭಾನುವಾರ. ಕಾಲೇಜಿನಲ್ಲಿ ಮೇಷ್ಟ್ರಂತೆ, ಮನೆತನ ಚಲೋ ಅಂತೆ. ನಾನು "ಹೂಂ", "ಹೂಂ" ಅನ್ನುತ್ತ ಶೇಂಗಾ ಹುರಿಯುತ್ತಿದ್ದೆ.

ವಿಭಾಗದಲ್ಲಿ ನನ್ನ ಮಾರ್ಗದರ್ಶಕಿ ಹನ್ನೆಕೆ. ಅರವತ್ತರ ಹತ್ತಿರದವರು. ಹೆಸರು ಹಿಡಿದೇ ಕರೆಯಬೇಕು, ಇಲ್ಲದಿದ್ದರೆ ಅವರಿಗೆ ಮುಜುಗರ. ಮೊದಲ ತಿಂಗಳೆಲ್ಲ ನಾನು ಹೆಸರೇ ಬೇಕಾಗದಂತೆ, ಎದುರು ನಿಂತು ಕೆಮ್ಮಿ ಮಾತು ಶುರು ಮಾಡುತ್ತಿದ್ದೆ. ಇಲ್ಲಿ ನೆಲೆಸಿದ ಕನ್ನಡದ ಕುಟುಂಬಗಳನ್ನು ಮಾತಾಡಿಸಿ, ಅವರ ಮದುವೆ ಹೇಗೆ ಕೂಡಿಬಂತು ಎಂದು ಬರೆದ ನನ್ನ ಮೊದಲ ಅಧ್ಯಾಯ ಅವರ ಕೈಯಿಂದ ವಾಪಸ್ ಬಂತು. ಪುಟದ ಅಂಚಿನಲ್ಲಿ ಕೆಂಪಕ್ಷರದಲ್ಲಿ ಒಂದೇ ಪದ, ಮತ್ತೆ ಮತ್ತೆ: "ವೀ?" ಯಾರು?

ಎಣಿಸಿದೆ. ಹನ್ನೊಂದು ಕಡೆ. ಹನ್ನೊಂದೂ ಒಂದೇ ವಾಕ್ಯದ ಪಕ್ಕ. ನನ್ನೊಂದಿಗೆ ಮಾತಾಡಿದವರೆಲ್ಲ ಹೇಳಿದ, ನಾನು ಇಂಗ್ಲಿಷಿಗೆ ಹಾಗೇ ಇಳಿಸಿದ ವಾಕ್ಯ ಅದು: "ಒಪ್ಪಿಗೆ ಆಯ್ತು."

"ಯಾರು ಒಪ್ಪಿದರು?" ಎಂದರು ಹನ್ನೆಕೆ.

"ಅದು ಅರ್ಥವಾಗುತ್ತದೆ."

"ಯಾರಿಗೆ?"

ರೇಗಿತು. ಮಳೆ ಆಯ್ತು, ಊಟ ಆಯ್ತು, ಒಪ್ಪಿಗೆ ಆಯ್ತು. ಕನ್ನಡದಲ್ಲಿ ಹಾಗೇ ಎಂದು ಅವರಿಗೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಹಾಗಾದರೆ ಹೋಗಿ ಕೇಳಿಕೊಂಡು ಬಾ" ಎಂದರು.

ನವೆಂಬರಿನ ಒಂದು ಶನಿವಾರ ರೈಲು ಬದಲಿಸಿ ರೈಸ್‌ವೈಕ್‌ಗೆ ಹೋದೆ. ಉಡುಪಿ ಕಡೆಯ ಶೋಭಕ್ಕ ಅಲ್ಲಿರುತ್ತಾರೆ. ಗಂಡ ಉದಯಣ್ಣ, ಹೈಸ್ಕೂಲು ಓದುವ ಮಗಳು ದಿಯಾ. ಇಲ್ಲಿಯ ಬೇರೆ ಮನೆಗಳಲ್ಲಿ ಕಾಫಿಗೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುತ್ತಾರೆ. ಶೋಭಕ್ಕ ಗೋಳಿಬಜೆಯ ತಟ್ಟೆಯನ್ನೇ ಮುಂದಿಟ್ಟರು. ತಿಂದು, ಕೇಳಿದೆ: "ಹೋದ ಸಲ 'ಒಪ್ಪಿಗೆ ಆಯ್ತು' ಅಂದ್ರಲ್ಲ ಅಕ್ಕ, ಯಾರಿಗೆ?"

"ಎಂತದು ಯಾರಿಗೆ? ಎಲ್ಲರಿಗೂ ಆಯ್ತು."

"ನಿಮ್ಮನ್ನ ಕೇಳಿದ್ರಾ?"

"ನನ್ನನ್ನು ಕೇಳುದಕ್ಕೆ ಎಂತ ಉಂಟು? ಹುಡುಗನಿಗೆ ಒಪ್ಪಿಗೆ ಉಂಟು ಅಂತ ಅಪ್ಪ ಹೇಳಿದ್ರು. ಮತ್ತೆ ನಾನೆಂತ ಹೇಳುದು?"

ಅಡುಗೆಮನೆಯಿಂದ ಉದಯಣ್ಣ ಸೌಟು ಹಿಡಿದೇ ಹೊರಗೆ ಬಂದರು. "ಯಾವ ಹುಡುಗನಿಗೆ? ನನ್ನ ಹತ್ರ ಯಾರೂ ಕೇಳ್ಲೇ ಇಲ್ಲ. ಹುಡುಗಿಗೆ ಒಪ್ಪಿಗೆ ಉಂಟು ಅಂತ ನನಗೆ ಹೇಳಿದ್ದು!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮದುವೆಯಾಗಿ ಹತ್ತೊಂಬತ್ತು ವರ್ಷ. ಮೊಬೈಲಿನಿಂದ ತಲೆಯೆತ್ತದೆ ದಿಯಾ ಡಚ್ಚಿನಲ್ಲಿ ಕೇಳಿದಳು: "ವೀ ದಾನ್?" ಮತ್ತೆ ಯಾರು?

ಶೋಭಕ್ಕ ಗಂಡನತ್ತ ತಿರುಗಿ, "ಆಗಂತೂ ಕೇಳ್ಲಿಲ್ಲ. ಈಗ ಚಾ ಬೇಕಾ ಅಂತ ಆದ್ರೂ ಕೇಳಿ" ಎಂದರು. ಉದಯಣ್ಣ ಬಹಳ ಗಂಭೀರವಾಗಿ ಕೇಳಿದರು. ಶೋಭಕ್ಕ ಬೇಡ ಎಂದರು. ಆಮೇಲೆ ನಗು ತಡೆಯಲಾಗದೆ ಬೇಕು ಎಂದರು.

ಮರುದಿನ ಅವ್ವನ ಫೋನು. "ದಾವಣಗೆರಿಯವರು ಡಿಸೆಂಬರ್‌ದಾಗ ಬರ್ತಾರ. ಒಪ್ಪಿಗಿ ಆಗೇತಿ ಅಂತ ಹೇಳಿ ಕಳಿಸೀವಿ."

"ಯಾರದ್ದವ್ವ ಒಪ್ಪಿಗಿ?"

"ಯಾರದ್ದಂದ್ರ? ನಿಂದ. ನೀನ ಹೂಂ ಅಂದೀಯಲ್ಲ!"

ಒಲೆ ಆರಿಸಿದೆ. "ಅವ್ವ, ಅದು ಕೇಳಾಕತ್ತೀನಿ ಅನ್ನೋ ಹೂಂ. ಒಪ್ಪೀನಿ ಅನ್ನೋ ಹೂಂ ಅಲ್ಲ."

"ಹೂಂ ಅಂದ್ರ ಹೂಂ. ಅದರಾಗ ಎರಡು ನಮೂನಿ ಎಲ್ಲಿಂದ ಬಂದ್ವು?" ಆಮೇಲೆ ದನಿ ತಗ್ಗಿಸಿ, "ಅಲ್ಲಿ ಯಾರರ ಅದಾರೇನು?"

"ಇಲ್ಲ. ಹುಡುಗ ಬ್ಯಾಡ ಅಂತಲೂ ಅಂದಿಲ್ಲ. ನನ್ನ ಇನ್ನೂ ಯಾರೂ ಕೇಳಿಲ್ಲ, ಅಷ್ಟ. ಬರೋದು ಬ್ಯಾಡ ಅಂತ ಹೇಳು. ಮೊದಲ ನಾನು ಅವರ ಹುಡುಗನ ಕೂಡ ಮಾತಾಡ್ತೀನಿ. ಅವನನ್ನರ ಯಾರರ ಕೇಳ್ಯಾರೋ ಇಲ್ಲೋ!"

"ನಿಮ್ಮಪ್ಪಗ ಹೇಳ್ತೀನಿ" ಎಂದಳು ಅವ್ವ. ತನ್ನ ಮದುವೆಯಲ್ಲಿ ತನ್ನನ್ನು ಯಾರು ಕೇಳಿದ್ದರು ಎಂದೂ ಗೊಣಗಿದಳು. ನಂತರ ಎಂದಿನಂತೆ ಓಣಿಯ ಸುದ್ದಿಗೆ ಇಳಿದಳು: ಪಕ್ಕದ ಮನೆಯ ಬೋರ್‌ವೆಲ್, ಚಿಕ್ಕಮ್ಮನ ಮೊಣಕಾಲು. ನಾನು ಬಾಯಿ ಬಿಗಿಹಿಡಿದು ಕೇಳುತ್ತಿದ್ದೆ.

"ಯಾಕ, ಫೋನ್ ಕಟ್ಟಾತೇನು? ಅದೀಯೋ ಇಲ್ಲೋ? ಹೂಂ ಅನ್ನಬಾರದಾ?"

"ನಾ ಕೇಳಾಕತ್ತೀನಿ" ಎಂದೆ. "ನಾ" ಸ್ವಲ್ಪ ಗಟ್ಟಿಯಾಗಿಯೇ ಬಂತು.

"ಏನವಾ, ಪರದೇಶದವರಂಗ ಮಾತಾಡ್ತಿ" ಎಂದಳು ಅವ್ವ. ನನ್ನ ಆ ವಾಕ್ಯದ ಪಕ್ಕ ಹನ್ನೆಕೆ "ವೀ?" ಎಂದು ಬರೆಯುತ್ತಿರಲಿಲ್ಲ. ಅವ್ವನಿಗೆ ಮಾತ್ರ, ಹೂಂ ಇಲ್ಲದ ಕಡೆ ಮಗಳಿಲ್ಲ. ಮೊಣಕಾಲಿನ ಕತೆ ಮುಂದುವರಿಯಿತು. ನಾನು ತಡೆಯುವುದರೊಳಗೆ ನನ್ನ ಬಾಯಿಂದ ಒಂದು ಹೂಂ ಜಾರಿತು.