ಗೆರೆ ದಾಟದ ನೀರು

ನಮ್ಮ ದೊಡ್ಡಮ್ಮನ ಕಸುಬು ಕೊಡೆ ರಿಪೇರಿ. ಹೊಲಿಗೆಯ ಮೇಲೆ ಮೇಣ ಉಜ್ಜಿ, ನೀರು ಚಿಮುಕಿಸಿ, ಹನಿಗಳು ಉರುಳಿಹೋದರೆ ಮಾತ್ರ ಕೊಡೆ ಒಪ್ಪಿಸುವಳು. ಇಲ್ಲವಾದರೆ, "ಇನ್ನೂ ಜ್ವರ ಬಿಟ್ಟಿಲ್ಲ, ನಾಳೆ ಬನ್ನಿ" ಎಂದು ಗಿರಾಕಿಯನ್ನು ಸಾಗಹಾಕುವಳು. ಮೆಟ್ಟಿಲ ಕೆಳಗಿನ ಅವಳ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕು.

ಒಂದು ಮಧ್ಯಾಹ್ನ ಮೇಣ ಕರಗಿಸುವ ತಗಡಿನ ತಟ್ಟೆ ತೊಳೆಯಲು ಹೋದವಳು ಹಾಗೇ ನಿಂತುಬಿಟ್ಟಳು. ತಟ್ಟೆಗೆ ತೆಳ್ಳಗೆ ಮೇಣ ಹಿಡಿದಿತ್ತು. ಕೊಡೆಯ ಕಡ್ಡಿ ತಗುಲಿ ಒಂದು ಗೀರು ಬಿದ್ದಿತ್ತು. ಸುರಿದ ನೀರೆಲ್ಲ ಜಾರಿಹೋಗಿ, ಆ ಗೀರಿನುದ್ದಕ್ಕೂ ಮಾತ್ರ ಉಬ್ಬಿ ನಿಂತಿತ್ತು. ತಟ್ಟೆ ಅಲುಗಾಡಿಸಿದಳು. ನೀರು ನಡುಗಿತೇ ಹೊರತು ಗೀರಿನ ಅಂಚು ದಾಟಲಿಲ್ಲ.

ಅಲ್ಲಿಗೆ ದೊಡ್ಡಮ್ಮನ ತಲೆಗೆ ಹುಳ ಹೊಕ್ಕಿತು. ಮನೆಯ ತಟ್ಟೆಗಳಿಗೆಲ್ಲ ಮೇಣ ಬಳಿದು, ಹೇರ್‌ಪಿನ್ನಿನಿಂದ ಎಲೆ, ಮೀನಿನ ಆಕಾರ ಕೆರೆದಳು. ಚಮಚದಿಂದ ನೀರು ಬಿಟ್ಟರೆ ಮೀನಿನ ಮೈಯೊಳಗಷ್ಟೇ ತುಂಬಿಕೊಳ್ಳುತ್ತಿತ್ತು. ದೊಡ್ಡಪ್ಪ ಊಟಕ್ಕೆ ಕೂತು, "ನನಗೆ ಅನ್ನ ಹಾಕೋಕೆ ಒಂದು ತಟ್ಟೆನಾದ್ರೂ ಉಳಿಸೇ ಮಾರಾಯ್ತಿ" ಎಂದ.

ಭಾನುವಾರ ನನ್ನ ಸೋದರಮಾವ ಬಂದ. ಅವನು ಪ್ಲಂಬರ್. ನೀರಿನ ವಿಷಯದಲ್ಲಿ ಅಕ್ಕ ತನಗೆ ಪಾಠ ಹೇಳುವುದೆಂದರೇನು?

"ನಿಲ್ಲುತ್ತೆ ಸರಿ ಅಕ್ಕಾ, ಹರಿಯುತ್ತಾ? ಪೈಪ್ ಇಲ್ದೆ ತಿರುವಲ್ಲಿ ತಿರುಗುತ್ತಾ? ನೆಟ್ಟಗೆ ಓಡಿಹೋಗುತ್ತೆ, ಬರೆದಿಟ್ಕೋ."

ದೊಡ್ಡಮ್ಮ ಅಗಲವಾದ ತಗಡಿನ ಮೇಲೆ ಅಂಕುಡೊಂಕು ದಾರಿ ಕೆರೆದು, ಒಂದು ತುದಿಗೆ ಬೆಂಕಿಪೊಟ್ಟಣ ಕೊಟ್ಟು ಎತ್ತರಿಸಿ ಹನಿ ಬಿಟ್ಟಳು. ಮೊದಲ ತಿರುವಿನಲ್ಲೇ ಅದು ಹಾರಿ ಮಾವನ ಪ್ಯಾಂಟಿನ ಮೇಲೆ ಬಿತ್ತು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗು, ನಗು. ಹಲ್ಲು ಒಣಗೋವರೆಗೂ ನಗು" ಎಂದಳು ದೊಡ್ಡಮ್ಮ. ಆದರೆ ಕಣ್ಣು ತಗಡಿನ ಮೇಲೇ ಇತ್ತು. ತಿರುವು ಮೊಣಕೈಯಂತೆ ಚೂಪಾಗಿತ್ತು. ಅದನ್ನು ಮೇಣದಿಂದ ಮುಚ್ಚಿ, ಬಳಸಿಕೊಂಡು ಹೋಗುವಂತೆ ದುಂಡಗೆ ಕೆರೆದಳು. ಇಳಿಜಾರು ಕಮ್ಮಿಯಾಗಲೆಂದು ಬೆಂಕಿಪೊಟ್ಟಣ ತೆಗೆದು ಮಡಿಸಿದ ರಟ್ಟು ಇಟ್ಟಳು. ದಾರಿ ಮೊದಲೇ ತೇವವಾಗಿರಲೆಂದು ಅದರುದ್ದಕ್ಕೂ ಒದ್ದೆ ದಾರ ಎಳೆದಳು. ಆಮೇಲೆ ನೀರಿಗೆ ಒಂದಿಷ್ಟು ಕೆಂಪು ಶಾಯಿ ಬೆರೆಸಿ ಹನಿ ಬಿಟ್ಟಳು.

ಹನಿ ಇಳಿಯಿತು. ತಿರುವಿನ ಬಾಯಲ್ಲಿ ತಡೆದು ನಿಂತು, ಹೊಟ್ಟೆ ಉಬ್ಬಿಸಿತು. ನಾವೆಲ್ಲ ತಗಡಿನ ಮೇಲೆ ಬಾಗಿದೆವು. ಸರಕ್ಕನೆ ಹೊರಳಿತು!

"ತಿರುಗ್ತು! ಅಕ್ಕಾ, ತಿರುಗ್ತು!" ಎಲ್ಲರಿಗಿಂತ ಮೊದಲು ಕೂಗಿದವನು ಮಾವನೇ. ಎರಡನೆಯ ತಿರುವು, ಮೂರನೆಯದು. ಹನಿ ಹಾವಿನಂತೆ ಬಳುಕುತ್ತಾ ಕೆಳಗಿನ ಬಟ್ಟಲಿಗೆ ಧುಮುಕಿತು. ಮಾವ ನೆಲದ ಮೇಲೆ ಬೋರಲು ಮಲಗಿ, ಕೆನ್ನೆಯನ್ನು ತಗಡಿಗೆ ತಾಗಿಸಿಕೊಂಡು, "ಇನ್ನೊಂದ್ಸಲ ಬಿಡು, ಇನ್ನೊಂದೇ ಸಲ" ಎಂದು ಗೋಗರೆದ.

ಸಂಜೆಯೊಳಗೆ ಪಕ್ಕದಲ್ಲೇ ಇನ್ನೊಂದು ದಾರಿ ಮೂಡಿತ್ತು. ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ನೀಲಿ. ದೊಡ್ಡಪ್ಪ ನೀಲಿಯ ಪರ, ಮಾವ ಕೆಂಪಿನ ಪರ. "ಓಡೋ ಮಗನೇ, ಓಡು!" ಎಂಬ ಗದ್ದಲಕ್ಕೆ ಮೇಲಿನ ಮನೆಯವರು ಯಾರಿಗೇನಾಯಿತೋ ಎಂದು ಗಾಬರಿಯಿಂದ ಇಳಿದು ಬಂದರು, ಬಂದವರು ವಾಪಸ್ ಹೋಗಲಿಲ್ಲ.

ಮರುದಿನ ದೊಡ್ಡಮ್ಮ ತಗಡನ್ನು ಅಂಗಡಿಯ ಮುಂದೆ ಇಟ್ಟಳು. ಕೊಡೆ ಕೊಡಲು ಬಂದವರು ಕೊಡೆಯನ್ನೇ ಮರೆತು ಹನಿಗಳ ಓಟ ನೋಡುತ್ತಾ ನಿಂತರು. ನಡುವೆ ನುಗ್ಗಿಕೊಂಡು ಬಂದ ಮಾವ ಹೇರ್‌ಪಿನ್ನಿಗೆ ಕೈ ಒಡ್ಡಿದ: "ಸ್ವಲ್ಪ ಜರುಗು ಅಕ್ಕಾ. ಇಲ್ಲೊಂದು ಕವಲು ತೆಗೀಬೇಕು."