ಅಳತೆಗೆ ಕೊಟ್ಟ ಬ್ಲೌಸು

ನಿನ್ನೆ ಬೀರು ಒಪ್ಪ ಮಾಡುವಾಗ ಒಂದು ಹಳೆಯ ಹಸಿರು ಬ್ಲೌಸು ಕೈಗೆ ಸಿಕ್ಕಿತು. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ಇನ್ನೂ ಇತ್ತೋ, ನನ್ನ ಇಮ್ಯಾಜಿನೇಶನ್ನೋ, ಹೇಳಲಾರೆ. ನಿಮ್ಮ ಮನೆಯಲ್ಲೂ ಇಂಥದೊಂದು ಇರುತ್ತದೆ ಬಿಡಿ. ಹೊಸದು ಹೊಲಿಯಲು ಕೊಡುವಾಗ 'ಇದರ ಹಾಗೇ ಇರಲಿ' ಎಂದು ಜೊತೆಗಿಟ್ಟು ಕಳಿಸುವ ಅಳತೆ ಬ್ಲೌಸು. ಬಹಳ ಕನ್ವೀನಿಯೆಂಟ್. ಆ ಕನ್ವೀನಿಯನ್ಸೇ ಎರಡು ವರ್ಷದ ಹಿಂದೆ ನನ್ನ ಮಾನ ಕಳೆಯಿತು.

ಈ ಹಸಿರು ಬ್ಲೌಸನ್ನು ಹೊಲಿದವರು ಅಜ್ಜಂಪುರದ ರುದ್ರಣ್ಣ. ನಾನು ಅಲ್ಲಿ ಇಂಗ್ಲಿಷ್ ಟೀಚರಾಗಿದ್ದ ಮೂವತ್ತು ವರ್ಷವೂ ಅವರೇ ನನ್ನ ಟೈಲರು. ಕಿವಿಯ ಮೇಲೊಂದು ಸೀಮೆಸುಣ್ಣದ ಚೂರು, ಬಾಯಲ್ಲಿ ಮಾತಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ "ನಿಮ್ಮ ಬ್ಲೌಸು ಎಷ್ಟು ಚೆನ್ನಾಗಿ ಕೂರುತ್ತೆ ಮೇಡಮ್" ಎಂದರೆ ನಾನು ಥ್ಯಾಂಕ್ಯೂ ಹೇಳಿ, ಅದು ನಮ್ಮ ಕಾನ್ವೆಂಟಿನ ಪಾಶ್ಚರ್ ಎನ್ನುತ್ತಿದ್ದೆ. ಸುಳ್ಳಲ್ಲ. ಕಾನ್ವೆಂಟಿನಲ್ಲಿ ನಮ್ಮನ್ನು ತಲೆಯ ಮೇಲೆ ಪುಸ್ತಕವಿಟ್ಟು ನಡೆಸುತ್ತಿದ್ದರು. ನಮ್ಮ ಸಿಸ್ಟರ್ ಸಾಲಿನುದ್ದಕ್ಕೂ ಬಂದು, ನನ್ನ ಹತ್ತಿರ ಮಾತ್ರ ನಿಂತು, ಬಲ ಭುಜವನ್ನು ಎರಡು ಬೆರಳಿಂದ ಮೆಲ್ಲಗೆ ಕೆಳಗೆ ಒತ್ತಿ ಮುಂದೆ ಹೋಗುತ್ತಿದ್ದರು. ನಾನೇ ಅವರ ಫೇವರಿಟ್ ಎಂದು ಮುದುಕಿಯಾಗುವವರೆಗೂ ಹೇಳಿಕೊಂಡು ತಿರುಗಿದ್ದೇನೆ.

ರಿಟೈರಾಗಿ ಕಡೂರಿಗೆ, ತಂಗಿ ವಿಮಲಳ ಪಕ್ಕದ ಮನೆಗೆ ಬಂದೆ. ಅಷ್ಟರಲ್ಲಿ ರುದ್ರಣ್ಣನವರ ಕಣ್ಣು ಮಂಜಾಗಿ ಹೊಲಿಗೆ ನಿಂತಿತ್ತು. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ತರೀಕೆರೆಯಲ್ಲೊಬ್ಬರಿಗೆ ಕೊಟ್ಟೆ, ಎಡಗಡೆ ಜಾರಿತು. ಕಡೂರಿನಲ್ಲೊಬ್ಬರಿಗೆ ಕೊಟ್ಟೆ, ಅದೂ ಎಡಗಡೆಯೇ ಜಾರಿತು. ಇಡೀ ಜಿಲ್ಲೆಯಲ್ಲಿ ಒಬ್ಬನಿಗೂ ಕತ್ತರಿ ಹಿಡಿಯಲು ಬರುವುದಿಲ್ಲ ಎಂದು ತೀರ್ಪು ಕೊಟ್ಟೆ. ಎರಡು ಕಡೆ ಒಂದೇ ತಪ್ಪಾದರೆ ಎರಡಕ್ಕೂ ಕಾಮನ್ ಆಗಿರುವುದು ಏನು ಎಂದು ಏಳನೇ ಕ್ಲಾಸಿನ ಮಕ್ಕಳನ್ನು ಕೇಳಿದ್ದರೂ ಹೇಳುತ್ತಿದ್ದವು.

ಮೂರನೆಯವಳೇ ರೇಖಾ. ನಮ್ಮ ಬೀದಿಯಲ್ಲೇ ಮನೆಯ ಮುಂದಿನ ಕೋಣೆಯಲ್ಲಿ ಹೊಸದಾಗಿ ಮೆಷಿನ್ ಹಾಕಿಕೊಂಡಿದ್ದಳು. ಗಂಡನಿಗೆ ಕೆಲಸವಿರಲಿಲ್ಲ, ಮನೆ ನಡೆಯುತ್ತಿದ್ದುದು ಆ ಮೆಷಿನ್ನಿನಿಂದ. ಈ ಹಸಿರು ಬ್ಲೌಸಿನ ಜೊತೆ ಒಂದು ರೇಷ್ಮೆ ಪೀಸು ಕೊಟ್ಟೆ. ಹೊಲಿದು ಬಂದದ್ದನ್ನು ತೊಟ್ಟು ನಮ್ಮ ಸೋಮವಾರದ ವಚನ ಗುಂಪಿಗೆ ಹೋದರೆ, ತಾಳ ಹಾಕಿದಾಗಲೆಲ್ಲ ಎಡಗಡೆ ಜಾರುತ್ತದೆ. ಹಾಡು ಮುಗಿಯುವುದನ್ನೂ ಕಾಯದೆ ಅವಳ ಮನೆಗೆ ಹೋದೆ.

"ಅಳತೆ ಬ್ಲೌಸೇ ಸೊಟ್ಟ ಇತ್ತು ಆಂಟಿ," ಎಂದಳು. "ಎಡಗಡೆ ಮುಕ್ಕಾಲಿಂಚು ಇಳಿಸ್ಬಿಟ್ಟಿದ್ರು. ಯಾರೋ ಕಟಿಂಗ್ ತಪ್ಪಿದಾರೆ ಅಂತ ನಾನು ಸಮ ಮಾಡ್ದೆ."

"ಮೂವತ್ತು ವರ್ಷ ಅದೇ ಕಟಿಂಗ್ ಹಾಕ್ಕೊಂಡಿದೀನಿ ಕಣೇ! ನಿನ್ನೆ ಮೊನ್ನೆ ಕಲ್ತೋಳು ತಿದ್ದೋಕೆ ಬಂದ್ಯಾ?"

"ಹಂಗಾದ್ರೆ ಒಂದ್ಸಲ ನಿಂತ್ಕೊಳಿ ಆಂಟಿ, ಟೇಪ್ ಹಿಡೀತೀನಿ. ನಿಮ್ ಭುಜನೇ ಏನಾದ್ರೂ..."

ಮುಗಿಸಲು ಬಿಡಲಿಲ್ಲ. ಹೌ ಡೇರ್ ಯೂ ಎಂದು ಬಂದುಬಿಟ್ಟೆ. ಮುಂದಿನ ಸೋಮವಾರ, ಕೊನೆಯ ಬೆಂಚಿಗೂ ಕೇಳಿಸುವ ನನ್ನ ಟೀಚರ್ ದನಿಯಲ್ಲಿ, ಆ ಹುಡುಗಿಗೆ ಬಟ್ಟೆ ಕೊಟ್ಟರೆ ಹಾಳು ಎಂದು ಎಲ್ಲರಿಗೂ ಸಾರಿದೆ. ನಾಲ್ವರು ಕೊಟ್ಟಿದ್ದ ಬಟ್ಟೆ ವಾಪಸ್ ತಂದರು. ಸೋಶಿಯಲ್ ಸರ್ವಿಸ್ ಮಾಡಿದೆನೆಂದು ನನಗೆ ಅವತ್ತು ಒಳ್ಳೆಯ ನಿದ್ದೆ ಬಂತು.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ! ರುದ್ರಣ್ಣನವರ ಬಾಯಿಂದಲೇ ಆ ಹುಡುಗಿಯ ತಪ್ಪು ಹೇಳಿಸಬೇಕೆಂಬ ಹಟ. ಎರಡೂ ಬ್ಲೌಸು ಬ್ಯಾಗಿಗೆ ಹಾಕಿಕೊಂಡು ರೈಲು ಹತ್ತಿ ಅಜ್ಜಂಪುರಕ್ಕೆ ಹೋದೆ. ಅವರು ಜಗಲಿಯ ಮೇಲೆ ಕೂತು ಎರಡನ್ನೂ ಬೆರಳಲ್ಲಿ ಸವರಿ ನೋಡಿದರು.

"ಈ ಹುಡುಗಿ ಹೊಲಿಗೆ ಚೆನ್ನಾಗೈತೆ ಟೀಚರಮ್ಮ. ನನಗಿಂತ ನೀಟು."

"ಮತ್ತೆ ಯಾಕೆ ಜಾರುತ್ತೆ?"

"ನಿಮ್ ಎಡ ಭುಜ ಇಳಿದೈತಲ್ಲ."

"ಯಾವಾಗಿಂದ?"

"ನೀವು ಮೊದಲ್ನೇ ಸಲ ಬಂದಾಗ್ಲಿಂದ. ಅವತ್ತೇ ಹೇಳಿದ್ನಲ್ಲ. ನಿಮ್ ಕೆಲಸ ನೀವು ನೋಡ್ಕೊಳಿ ಅಂದ್ರಿ. ನೋಡ್ಕೊಂಡೆ."

ಒಳಗೆ ಅವರ ಹೆಂಡತಿ ನಕ್ಕದ್ದು ಕೇಳಿಸಿತು. ನಾನು ಹಾಗೆ ಅಂದದ್ದು ನನಗೆ ಒಂದಿಷ್ಟೂ ನೆನಪಿಲ್ಲ. ಆದರೆ ಅಂದಿರುತ್ತೇನೆ, ಅದು ನನ್ನದೇ ವಾಕ್ಯ. ಆಮೇಲಾದರೂ ಇನ್ನೊಂದು ಸಲ ಹೇಳಬಹುದಿತ್ತಲ್ಲ ಎಂದು ಅವರ ಮೇಲೇ ರೇಗಿದೆ. "ಗಿರಾಕಿಗೆ ಎರಡು ಸಲ ಹೇಳಕ್ಕಾಗುತ್ತಾ? ಬಟ್ಟೆಗೆ ಹೇಳ್ದೆ," ಎಂದರು ಪುಣ್ಯಾತ್ಮ.

ವಾಪಸ್ ಬರುವಾಗ ರೈಲಿನಿಂದಲೇ ವಿಮಲಳಿಗೆ ಫೋನ್ ಮಾಡಿ ನನ್ನ ಭುಜ ಹೇಗಿದೆ ಎಂದೆ. "ಎಡಗಡೇದಾ? ಅಮ್ಮ ಯಾವಾಗಲೂ ಹೇಳ್ತಿದ್ಲಲ್ಲ," ಎಂದಳು. ನನಗೆ ಯಾಕೆ ಹೇಳಲಿಲ್ಲ ಎಂದರೆ, "ನಿಂಗಾ?" ಎಂದು ಫೋನ್ ಇಟ್ಟಳು. ಐವತ್ತು ವರ್ಷ ದಿನಾ ಕನ್ನಡಿ ನೋಡಿದ್ದೇನೆ ಸ್ವಾಮಿ, ಕುರುಡಿಯಲ್ಲ. ಆದರೆ ಕನ್ನಡಿಯ ಮುಂದೆ ಯಾರು ತಾವು ನಿಲ್ಲುವ ಹಾಗೇ ನಿಲ್ಲುತ್ತಾರೆ? ಕತ್ತು ಒಂದಿಷ್ಟು ವಾಲಿಸಿ, ತನಗೆ ಬೇಕಾದವಳನ್ನು ತಾನೇ ನಿಲ್ಲಿಸಿಕೊಂಡು ನೋಡುವುದು. ನಮ್ಮ ಬೆನ್ನನ್ನಂತೂ ಊರೆಲ್ಲ ನೋಡಿರುತ್ತದೆ, ನಾವೊಬ್ಬರನ್ನು ಬಿಟ್ಟು.

ಸ್ಟೇಷನ್ನಿನಿಂದ ನೇರ ರೇಖಾಳ ಮನೆಗೆ ಹೋದೆ. ಮೆಷಿನ್ನಿಗೆ ಬಟ್ಟೆ ಹೊದಿಸಿಟ್ಟಿದ್ದಳು. ಇಂಗ್ಲಿಷಿನಲ್ಲಿ ಸಾರಿ ಹೇಳಿದೆ. ಆ ಭಾಷೆಯಲ್ಲಿ ಹೇಳುವುದು ಸಲೀಸು, ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ.

"ಇಲ್ಲಿ ಹೇಳಿದ್ರೆ ಏನ್ ಬಂತು ಆಂಟಿ?" ಎಂದಳು. "ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ."

ಹೇಳಿದೆ. ಸೋಮವಾರ ಹಾಡು ಶುರುವಾಗುವ ಮುಂಚೆ ಎದ್ದು ನಿಂತು, ಹುಡುಗಿಯ ತಪ್ಪಲ್ಲ, ನನ್ನ ಭುಜವೇ ಸೊಟ್ಟ ಎಂದೆ. ಯಾರಾದರೂ ಅಯ್ಯೋ ಎನ್ನಬಹುದೆಂದು ಕಾದೆ. ಒಬ್ಬರ ಮುಖದಲ್ಲೂ ಆಶ್ಚರ್ಯವಿಲ್ಲ.

"ಅದು ನಮಗೆಲ್ಲ ಗೊತ್ತು ಕಣ್ರೀ," ಎಂದರು ಗುಂಪಿನ ಹಿರಿಯರಾದ ಗೌರಮ್ಮ.

"ಗೊತ್ತಿದ್ದೂ ಆ ಹುಡುಗಿ ಹತ್ರ ಬಟ್ಟೆ ಯಾಕೆ ವಾಪಸ್ ತಗೊಂಡ್ರಿ?"

"ನೀವು ಅಷ್ಟು ಗಟ್ಟಿಯಾಗಿ ಹೇಳ್ತಿದ್ರೆ ಯಾರು ಎದುರಾಡ್ತಾರೆ?"

ಭುಜದ ಮಾತು ಅಷ್ಟು ನಾಟಿರಲಿಲ್ಲ. ಇದು ನಾಟಿತು. ನಾಲ್ವರಲ್ಲಿ ಮೂವರು ರೇಖಾಳಿಗೆ ಬಟ್ಟೆ ತಿರುಗಿ ಕೊಟ್ಟರು. ನಾಲ್ಕನೆಯವರು ಅಷ್ಟರಲ್ಲಿ ಬೇರೊಬ್ಬರಿಗೆ ಕೊಟ್ಟು, ಅಲ್ಲೇ ಚೆನ್ನಾಗಿದೆಯೆಂದು ಉಳಿದುಬಿಟ್ಟರು. ನಾನು ಎಷ್ಟು ಹೇಳಿದರೂ ಬರಲಿಲ್ಲ. ಅದೊಂದು ನನ್ನ ಲೆಕ್ಕಕ್ಕೇ.

ಈಗ ನನ್ನವನ್ನೆಲ್ಲ ರೇಖಾ ಹೊಲಿಯುತ್ತಾಳೆ. ಅಳತೆ ಬ್ಲೌಸು ಕೊಟ್ಟರೆ ಮುಟ್ಟುವುದಿಲ್ಲ, ನಿಂತುಕೊಳ್ಳಿ ಎನ್ನುತ್ತಾಳೆ. ಹೋದ ವಾರ ಸೊಂಟದ ಸುತ್ತ ಟೇಪು ಹಿಡಿದವಳು ತಲೆಯೆತ್ತಿ, "ಆಂಟಿ, ಒಂದ್ ಮಾತು ಹೇಳ್ಲಾ?" ಎಂದಳು. ನಿಜ ಹೇಳುತ್ತೇನೆ, ನನಗೆ ಈಗಲೂ ಮೈ ಉರಿಯುತ್ತದೆ. ಈ ವಯಸ್ಸಿಗೆ ಇನ್ನೆಷ್ಟು ಕೇಳಬೇಕು? ಹಲ್ಲು ಕಚ್ಚಿಕೊಂಡು, ಹೇಳು ಎಂದೆ.

"ಉಸಿರು ಬಿಡಿ. ಹೊಟ್ಟೆ ಒಳಗೆಳ್ಕೊಂಡಿದೀರ."

ಎಳೆದುಕೊಂಡಿದ್ದೇನೆಂದು ನನಗೆ ಗೊತ್ತೇ ಇರಲಿಲ್ಲ. ಬಿಟ್ಟೆ. ಟೇಪು ಎರಡಿಂಚು ಮುಂದಕ್ಕೆ ಹೋಯಿತು.